ಅತಿಥಿಗಳನ್ನು ಒಳಗೆ ಬಿಡಿ

ಗಿರಿಜನರ ಕಲ್ಯಾಣ, ಅರಣ್ಯ ಮತ್ತು ಉನ್ನತ ಶಿಕ್ಷಣದ ಹೊಣೆ ಹೊತ್ತಿರುವ ಮಾನ್ಯರಿಗೆ, ಹಾಗೆಯೇ ಇದನ್ನು ಓದುವ ಎಲ್ಲರಿಗೆ,

ನಮಸ್ಕಾರ.

ನ್ಯೂಜಿಲೆಂಡಿನಿಂದ ಮರಳಿದ ಹತ್ತನೇ ದಿನ ನನಗೊಂದು ಸನ್ಮಾನ ನಡೆಯಿತು. ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲವೂ ಇದ್ದವು. ವೇದಿಕೆಯಲ್ಲಿದ್ದ ಒಂಬತ್ತು ಮಂದಿ ಗಣ್ಯರು "ಕಾಡಿನ ಹುಡುಗಿ ವಿಮಾನ ಏರಿದಳು" ಎಂಬ ಒಂದೇ ಮಾತನ್ನು ಒಂಬತ್ತು ಬಗೆಯಲ್ಲಿ ಹೇಳಿದರು. ಕೊನೆಗೆ ನನಗೆ ಎರಡು ನಿಮಿಷ ಸಿಕ್ಕಿತು. ಅಷ್ಟು ಹೊತ್ತಿಗೆ ಊಟದ ಹಾಲಿನಲ್ಲಿ ಎಲೆ ಹಾಕುತ್ತಿದ್ದ ಸದ್ದು ಕೇಳುತ್ತಿತ್ತು. ಧನ್ಯವಾದ ಹೇಳಿ ಕುಳಿತುಬಿಟ್ಟೆ. ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹುಡುಗಿ. ಸಸ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದೇನೆ. ನಾಲ್ಕು ದೇಶಗಳ ಹನ್ನೊಂದು ಮಂದಿ ಆದಿವಾಸಿ ವಿದ್ಯಾರ್ಥಿಗಳು ಮೇ ತಿಂಗಳ ಕೊನೆಯಿಂದ ಐದು ವಾರ ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿ ಜನರ ನಡುವೆ ಇದ್ದು, ಅವರ ಕಾಡು, ನದಿ, ನುಡಿಗಳನ್ನು ಕಂಡು ಬಂದೆವು. ಇದಕ್ಕೆ ವಿನಿಮಯ ಕಾರ್ಯಕ್ರಮ ಎಂದು ಹೆಸರು. ವಿನಿಮಯ ಅಂದ ಮೇಲೆ ಕೊಡುವುದೂ ಇರಬೇಕು, ಪಡೆಯುವುದೂ ಇರಬೇಕು. ಪಡೆಯುವ ಪಾಲು ಮುಗಿಯಿತು. ಮುಂದಿನ ವರ್ಷ ಅಲ್ಲಿಯ ಎಂಟು ಮಂದಿ ನಮ್ಮ ಪೋಡಿಗೆ, ಅಂದರೆ ನಮ್ಮ ಹಾಡಿಗೆ, ಬಂದು ಹತ್ತು ದಿನ ಇರಬೇಕು. ಅವರು ಬರಲು ಸಿದ್ಧರಿದ್ದಾರೆ, ನಮ್ಮ ಗ್ರಾಮಸಭೆ ಕರೆಯಲು ಸಿದ್ಧವಿದೆ, ಅನುಮತಿ ಮಾತ್ರ ಸಿಗುತ್ತಿಲ್ಲ. ಈ ಪತ್ರದ ಕೋರಿಕೆ ಅದೊಂದೇ. ಆದರೆ ಕೋರಿಕೆ ಏಕೆಂದು ತಿಳಿಯಬೇಕಾದರೆ ಒಂದು ಬಾಟಲಿ ಜೇನಿನ ಕಥೆ ಕೇಳಬೇಕು. ಅದಕ್ಕೂ ಮೊದಲು ಪಾಸ್‌ಪೋರ್ಟ್.

ನನ್ನ ದಾಖಲೆಗಳ ಪ್ರಕಾರ ನಾನು ಹುಟ್ಟಿದ್ದು ಜೂನ್ 1ರಂದು. ನನ್ನ ತಂಗಿಯೂ ಜೂನ್ 1ರಂದು. ನಮ್ಮ ಪೋಡಿನಲ್ಲಿ ಶಾಲೆಗೆ ಹೋದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಅದೇ ದಿನ ಹುಟ್ಟಿದವರು. ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ಕೊಟ್ಟ ಹುಟ್ಟುಹಬ್ಬ ಅದು. ಅವ್ವನನ್ನು ಕೇಳಿದರೆ ನಾನು ಹುಟ್ಟಿದ್ದು ನೆಲ್ಲಿಕಾಯಿ ಉದುರುವ ಕಾಲದಲ್ಲಿ, ತಂಗಿ ಹುಟ್ಟಿದ್ದು ಹೆಜ್ಜೇನು ಕಟ್ಟುವ ಕಾಲದಲ್ಲಿ. ಈ ಲೆಕ್ಕ ಯಾವ ಅರ್ಜಿಯ ಚೌಕದಲ್ಲೂ ಕೂರುವುದಿಲ್ಲ. ನ್ಯೂಜಿಲೆಂಡಿಗೆ ಹೋದ ಮೂರನೇ ದಿನವೇ ಪಾಸ್‌ಪೋರ್ಟ್ ನೋಡಿದ್ದ ಆತಿಥೇಯರು ಕೇಕ್ ತಂದಿಟ್ಟರು. ವಿಷಯ ಹೇಳಿದಾಗ ಒಬ್ಬ ಮಾವೋರಿ ಅಜ್ಜಿ ಬಿದ್ದು ಬಿದ್ದು ನಕ್ಕು, "ಹಾಗಾದರೆ ನೆಲ್ಲಿಕಾಯಿ ಕಾಲದಲ್ಲಿ ಇನ್ನೊಂದು ಕೇಕ್ ತಿನ್ನು" ಎಂದರು.

ಆಗ ನನಗೂ ನಗು ಬಂತು. ಆದರೆ ಪಾಸ್‌ಪೋರ್ಟ್ ಮಾಡಿಸುವಾಗ ನಕ್ಕಿರಲಿಲ್ಲ. "ಮನೆಯ ಬಾಗಿಲು ಸಂಖ್ಯೆ ಎಷ್ಟು?" ಎಂದು ಕಿಟಕಿಯಾಚೆಯಿಂದ ಕೇಳಿದವರಿಗೆ ಏನು ಹೇಳಲಿ? ಅಪ್ಪ ಮೂರು ಬಾರಿ ಕೂಲಿ ಬಿಟ್ಟು ನನ್ನೊಂದಿಗೆ ಬಂದರು. ಕೊನೆಗೆ ಶಾಲೆಯ ವರ್ಗಾವಣೆ ಪತ್ರದಿಂದ ಕೆಲಸ ನಡೆಯಿತು. ಇಲ್ಲಿ ನಿಮ್ಮ ಗಮನಕ್ಕೆ ಒಂದು ವಿಷಯ: 2023ರ ಅಕ್ಟೋಬರ್ 1ರಂದು ಅಥವಾ ಅನಂತರ ಹುಟ್ಟಿದ ಮಕ್ಕಳಿಗೆ ಆ ದಾರಿಯೂ ಮುಚ್ಚಿದೆ. ಅವರು ಪಾಸ್‌ಪೋರ್ಟ್ ಪಡೆಯಲು ಹುಟ್ಟಿದ ದಿನಕ್ಕೆ ಜನನ ಪ್ರಮಾಣಪತ್ರವೊಂದೇ ಪುರಾವೆ. ಪೋಡಿನಲ್ಲಿ ಹೆರಿಗೆಯಾಗಿ, 21 ದಿನದೊಳಗೆ ಬರೆಸಬೇಕೆಂದು ಯಾರೂ ಹೇಳದೆ, ವರ್ಷ ಕಳೆದರೆ ಮತ್ತೆ ದಂಡಾಧಿಕಾರಿಯ ಆದೇಶಕ್ಕಾಗಿ ಅಲೆಯಬೇಕು. ಇಂದು ಅಂಗನವಾಡಿಯಲ್ಲಿ ಆಡುತ್ತಿರುವ ಕೂಸುಗಳು ಇಪ್ಪತ್ತು ವರ್ಷಗಳ ಬಳಿಕ ಯಾವುದೋ ಕಿಟಕಿಯ ಮುಂದೆ ನಿಂತು ಕಣ್ಣೀರು ಹಾಕುವುದು ಬೇಡವೆಂದಿದ್ದರೆ, ವರ್ಷಕ್ಕೆರಡು ಬಾರಿ ನೋಂದಣಿ ಪುಸ್ತಕವೇ ಬೆಟ್ಟ ಹತ್ತಿ ಬರಲಿ. ಇದಕ್ಕೆ ಹೊಸ ಯೋಜನೆ ಬೇಡ, ಒಂದು ಜೀಪು ಸಾಕು.

ಈಗ ಜೇನು.

ಹೊರಡುವ ಹಿಂದಿನ ರಾತ್ರಿ ತಾತ ಒಂದು ಬಾಟಲಿ ಹೆಜ್ಜೇನು ತಂದುಕೊಟ್ಟರು. ಆ ವರ್ಷದ ಹೊಸ ಜೇನು, ಎತ್ತಿ ಹಿಡಿದರೆ ದೀಪದ ಬೆಳಕಿಗೆ ಕೆಂಪಗೆ ಹೊಳೆಯುತ್ತಿತ್ತು. "ಬರಿಗೈಯಲ್ಲಿ ಯಾರ ಮನೆಗೂ ಹೋಗಬಾರದು" ಎಂದರು. ಎರಡು ಪ್ಲಾಸ್ಟಿಕ್ ಚೀಲ, ಅದರ ಮೇಲೆ ಒಂದು ಹಳೆಯ ಪಂಚೆ ಸುತ್ತಿ ಪೆಟ್ಟಿಗೆಯಲ್ಲಿಟ್ಟೆ. ವಿಮಾನದಲ್ಲಿ ಕೊಟ್ಟ ಕಾಗದದಲ್ಲಿ ಆಹಾರ, ಬೀಜ, ಜೇನು ಇದ್ದರೆ ಬರೆಯಿರಿ ಎಂದಿತ್ತು, ಬರೆದೆ. ಬರೆಯದೆ ಸಾಗಿಸಿ ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ ಕಟ್ಟಬೇಕು. ಆಕ್ಲೆಂಡ್ ನಿಲ್ದಾಣದ ತಪಾಸಣೆಯ ಮೇಜಿನ ಹಿಂದಿದ್ದ ಅಧಿಕಾರಿ ಬಾಟಲಿಯನ್ನು ಎರಡೂ ಕೈಯಿಂದ ಎತ್ತಿಕೊಂಡು, ಎಲ್ಲಿಯ ಜೇನು, ಯಾರು ತೆಗೆದದ್ದು ಎಂದು ಕೇಳಿದರು. ತಾತ ಮರ ಹತ್ತಿ ತೆಗೆದದ್ದು ಎಂದೆ. ಅವರು ತುಸು ಹೊತ್ತು ಸುಮ್ಮನಿದ್ದು, ಕ್ಷಮಿಸಬೇಕು, ಇದನ್ನು ಒಳಗೆ ಬಿಡಲಾಗದು ಎಂದರು. ಹೊರಗಿನ ಜೇನಿನ ಜತೆ ನೊಣಗಳ ರೋಗ ಬಂದೀತೆಂಬ ಭಯ. 2000ನೇ ಇಸವಿಯಲ್ಲಿ ವರೋವಾ ಎಂಬ ನುಸಿ ಆ ದೇಶದ ಗೂಡುಗಳಿಗೆ ಹೊಕ್ಕು ಹಾವಳಿ ಎಬ್ಬಿಸಿದೆ. ಹಾಗಾಗಿ ಯಾವ ದೇಶದವರೂ, ಅಲ್ಲಿಯ ಪ್ರಜೆಯೂ, ಮಂತ್ರಿಯೂ ಇಂಥ ಜೇನು ಹೊತ್ತು ಒಳಗೆ ಬರುವಂತಿಲ್ಲ. ನನ್ನ ಬೂಟಿನ ಅಡಿಯ ಮಣ್ಣನ್ನೂ ಒರೆಸಿ ಕೊಟ್ಟರು.

ತಾತನ ಜೇನು ಕಸದ ಡಬ್ಬಿಗೆ ಹೋಯಿತು. ಆದರೂ ನನಗೆ ಅವಮಾನವಾದಂತೆ ಅನಿಸಲಿಲ್ಲ. ಏಕೆ ಅನಿಸಲಿಲ್ಲವೆಂದು ಬಸ್ಸಿನಲ್ಲಿ ಕುಳಿತು ಯೋಚಿಸಿದಾಗ ಬಾಲ್ಯದ ಇನ್ನೊಂದು ಗೇಟು ನೆನಪಾಯಿತು. 2006ರಲ್ಲಿ ನಮ್ಮ ಬೆಟ್ಟದಲ್ಲಿ ಜೇನು, ನೆಲ್ಲಿಕಾಯಿ, ಪಾಚಿಗಳನ್ನು ಮಾರಾಟಕ್ಕೆ ತರುವುದನ್ನು ನಿಲ್ಲಿಸಲಾಯಿತು. ಅದಾದ ಮೇಲೆ ಒಂದು ದಿನ ಒಂದು ಗೇಟಿನಲ್ಲಿ ಅಪ್ಪನ ಡಬ್ಬಿ ತೆರೆಸಿದರು. ಒಳಗಿದ್ದದ್ದು ಮನೆಯ ಖರ್ಚಿಗೆ ಇಟ್ಟುಕೊಂಡ ಒಂದು ಲೋಟ ಜೇನು. ಏಕೆ, ಏನು ಎಂದು ಯಾರೂ ಹೇಳಲಿಲ್ಲ. ಅಪ್ಪ ಕೈಕಟ್ಟಿ ನಿಂತಿದ್ದರು. ಅದೇ ಹೊತ್ತಿಗೆ ನಮ್ಮ ಪಕ್ಕದಲ್ಲೇ ಕಾರುಗಳು ಗಾಜು ಇಳಿಸಿ, ಸಲಾಮು ಪಡೆದು, ಒಳಗೆ ಹೋಗುತ್ತಿದ್ದವು. ಎರಡು ಗೇಟಿನಲ್ಲೂ ಜೇನು ತಡೆಯಲ್ಪಟ್ಟಿತು. ಒಂದರಲ್ಲಿ ನೊಣಕ್ಕಾಗಿ ಎಲ್ಲರನ್ನೂ ತಡೆದರು. ಇನ್ನೊಂದರಲ್ಲಿ ನಮ್ಮನ್ನು ಮಾತ್ರ.

ಮಾವೋರಿಗಳ ಸಭಾಮನೆ ಇರುವ ಅಂಗಳಕ್ಕೆ ಮರಾಯ್ ಎನ್ನುತ್ತಾರೆ. ಹೊಸಬರು ಅಲ್ಲಿಗೆ ತಾವಾಗಿ ಕಾಲಿಡುವಂತಿಲ್ಲ. ಮನೆಯ ಕಡೆಯ ಹೆಂಗಸೊಬ್ಬರು ನೀಳ ದನಿಯಲ್ಲಿ ಕೂಗಿ ಕರೆಯಬೇಕು, ಬಂದವರ ಕಡೆಯ ಹೆಂಗಸು ಓಗೊಡಬೇಕು, ಆಮೇಲೆ ಹೆಜ್ಜೆ. ಮಾತುಗಳೆಲ್ಲ ಮುಗಿದ ಮೇಲೆ ಮೂಗಿಗೆ ಮೂಗು, ಹಣೆಗೆ ಹಣೆ ತಾಗಿಸಿ ಒಂದೇ ಉಸಿರನ್ನು ಹಂಚಿಕೊಳ್ಳುತ್ತಾರೆ. ಅನಂತರ ನಮ್ಮ ಪರಿಚಯ. ಅಲ್ಲಿ ಪರಿಚಯ ಹೆಸರಿನಿಂದ ಆರಂಭವಾಗುವುದಿಲ್ಲ. ನನ್ನ ಬೆಟ್ಟ ಯಾವುದು, ನನ್ನ ನದಿ ಯಾವುದು, ನನ್ನ ಹಿರಿಯರು ಯಾವ ದೋಣಿಯಲ್ಲಿ ಬಂದರು, ನನ್ನ ಕುಲ ಯಾವುದು ಎಂದು ಹೇಳಿ, ಎಲ್ಲಕ್ಕಿಂತ ಕೊನೆಗೆ ತನ್ನ ಹೆಸರು. ಇದಕ್ಕೆ ಪೆಪೆಹಾ ಎಂದು ಹೆಸರು. ನಗರದಿಂದ ಬಂದಿದ್ದ ಕೆಲವು ವಿದ್ಯಾರ್ಥಿಗಳು ತಡವರಿಸಿದರು. ನನಗೆ ಮಾತ್ರ ಯಾರೋ ನಮ್ಮ ಮನೆಯ ಜಗಲಿಯಲ್ಲಿ ಕೂರಿಸಿ ಕೇಳಿದಂತಿತ್ತು. ಬೆಟ್ಟ ಬಿಳಿಗಿರಿ, ಹೊಳೆ ಭಾರ್ಗವಿ, ಮರ ದೊಡ್ಡ ಸಂಪಿಗೆ, ದೇವರು ಜಡೇಸ್ವಾಮಿ, ನಮ್ಮ ಹೆಣ್ಣನ್ನು ಮದುವೆಯಾಗಿ ನಮಗೆ ಭಾವನಾದವನು ರಂಗಸ್ವಾಮಿ. ದೋಣಿ ಇಲ್ಲ, ನಾವು ಎಲ್ಲಿಂದಲೂ ಬರಲಿಲ್ಲ. ಇದನ್ನೆಲ್ಲ ಸೋಲಿಗ ನುಡಿಯಲ್ಲೇ ಹೇಳಿದೆ. ಚಿಕ್ಕಂದಿನಲ್ಲಿ ಒಬ್ಬ ಮೇಷ್ಟ್ರು "ಹಾಗಲ್ಲ, ಶುದ್ಧವಾಗಿ ಹೇಳು" ಎಂದು ಬೆರಳ ಗೆಣ್ಣಿಗೆ ಹೊಡೆದಿದ್ದ ನುಡಿ ಅದು. ಅಲ್ಲಿ ಅದು ಯಾರಿಗೂ ಅರ್ಥವಾಗಲಿಲ್ಲ, ಆದರೆ ತಿದ್ದಿದವರೂ ಇರಲಿಲ್ಲ.

ಆ ರಾತ್ರಿ ಊಟದ ಮನೆಯಲ್ಲಿ ಪಾತ್ರೆ ಒರೆಸುತ್ತಾ ನಿಂತಾಗ ಒಬ್ಬ ಹಿರಿಯರು ತಮ್ಮ ತಲೆಮಾರಿನ ಕಥೆ ಹೇಳಿದರು. ಶಾಲೆಯಲ್ಲಿ ಮಾವೋರಿ ಮಾತನಾಡಿದರೆ ಪೆಟ್ಟು ಬೀಳುತ್ತಿತ್ತಂತೆ. 1982ರಲ್ಲಿ ಅಜ್ಜಿಯರೇ ಮುಂದೆ ನಿಂತು ನುಡಿಗೂಡುಗಳೆಂಬ ಶಿಶುವಿಹಾರ ತೆರೆದರು. ಹಾಡು, ಊಟ, ಜಗಳ ಎಲ್ಲವೂ ಮಾವೋರಿಯಲ್ಲೇ. 1987ರಲ್ಲಿ ಅದು ಅಧಿಕೃತ ಭಾಷೆಯಾಯಿತು. ಸೋಲಿಗ ನುಡಿಯಲ್ಲಿ ಒಂದು ಅಂಗನವಾಡಿ ನಡೆದರೆ ಕನ್ನಡಕ್ಕೆ ಏನು ಕಡಿಮೆಯಾಗುತ್ತದೆ? ಕನ್ನಡದ ತಂಗಿಯೇ ಅಲ್ಲವೇ ಅದು?

ಕಾಡಿನ ವಿಷಯಕ್ಕೆ ಬರುತ್ತೇನೆ. ಮೊದಲ ದಿನ ಒಳಗೆ ಹೋದಾಗ ನಾನು ನಿಂತು ನಿಂತು ನಡೆಯುತ್ತಿದ್ದೆ. ಗಾಳಿ ಎತ್ತ ಬೀಸುತ್ತಿದೆ, ಕೊಂಬೆ ಮುರಿದ ಸದ್ದು ಬರುತ್ತಿದೆಯೇ, ನೆಲದ ಮೇಲೆ ಹೊಸ ಲದ್ದಿ ಇದೆಯೇ. ಹಿಂದೆ ಬರುತ್ತಿದ್ದ ಹುಡುಗ "ಏನನ್ನು ಹುಡುಕುತ್ತಿದ್ದೀಯ?" ಎಂದ. ಆನೆ, ಎಂದೆ. ಆ ದೇಶದಲ್ಲಿ ಆನೆ ಇಲ್ಲ, ಹುಲಿ ಕರಡಿಗಳಿಲ್ಲ, ಹಾವೂ ಇಲ್ಲ. ನೆಲದ ಮೇಲಿನ ಮೂಲ ಸಸ್ತನಿ ಎಂದರೆ ಬಾವಲಿಗಳು ಮಾತ್ರ. ಗೊತ್ತಿತ್ತು, ಓದಿಕೊಂಡೇ ಹೋಗಿದ್ದೆ. ಆದರೆ ಕಿವಿ ಕೇಳಬೇಕಲ್ಲ! ಭಯವಿಲ್ಲದ ಕಾಡಿನಲ್ಲಿ ನಡೆಯಲು ನನಗೆ ಒಂದು ವಾರ ಹಿಡಿಯಿತು. ಬೀಸಣಿಗೆಯಂತಹ ಬಾಲದ ಪಿವಾಕವಾಕಾ ಎಂಬ ಪುಟ್ಟ ಹಕ್ಕಿ, ನಾವು ನಡೆಯುವಾಗ ಏಳುವ ಹುಳುಗಳನ್ನು ಹಿಡಿಯಲು ಬೆನ್ನಿಗೇ ಬರುತ್ತಿತ್ತು, ನಮ್ಮ ಕಾಜಾಣ ದನದ ಹಿಂದೆ ಹಾರುವ ಹಾಗೆ. ಆ ಕಾಡು ಹೆದರುವುದು ಇಲಿಗೆ. ಹಡಗಿನಲ್ಲಿ ಬಂದ ಇಲಿ, ಹೊರಗಿನಿಂದ ತಂದುಬಿಟ್ಟ ಸ್ಟೋಟ್ ಎಂಬ ಮುಂಗುಸಿಯಂಥ ಪ್ರಾಣಿ, ತುಪ್ಪಳಕ್ಕೆಂದು 1837ರಲ್ಲಿ ಆಸ್ಟ್ರೇಲಿಯಾದಿಂದ ತಂದ ಪೊಸಮ್ ಎಂಬ ಮರ ಹತ್ತುವ ಪ್ರಾಣಿ, ಇವು ಹಕ್ಕಿಗಳ ಮೊಟ್ಟೆಯಿಂದ ಮರದ ಚಿಗುರಿನವರೆಗೆ ಎಲ್ಲವನ್ನೂ ಮುಗಿಸುತ್ತಿವೆ. ಶಾಲೆಯ ಮಕ್ಕಳು ಸಹ ಬೋನು ಇಡುವುದನ್ನು ಕಲಿತಿದ್ದಾರೆ.

ವೈಪೋವಾ ಕಾಡಿನಲ್ಲಿ ತಾನೆ ಮಹುತಾ ಎಂಬ ಕೌರಿ ಮರವಿದೆ. ಬುಡದ ಸುತ್ತಳತೆ 13 ಮೀಟರಿಗೂ ಮಿಗಿಲು. ಮರವೆನ್ನಲು ಬಾಯಿ ಬರಲಿಲ್ಲ. ನಮ್ಮ ದೊಡ್ಡ ಸಂಪಿಗೆಯ ಮುಂದೆ ನಿಂತಾಗಲೂ ಹಾಗೆಯೇ. ಕೌರಿಗಳಿಗೆ ಈಗ ಬೇರು ಕೊಳೆಯುವ ರೋಗ ತಗುಲಿದೆ. ಮಲೆನಾಡಿನ ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರಾ ಎಂಬ ರೋಗಾಣುವಿನ ದಾಯಾದಿಯೇ ಅದು, ಮದ್ದಿಲ್ಲ. ಒಂದು ಚಿಟಿಕೆ ಮಣ್ಣು ಬೂಟಿಗೆ ಅಂಟಿ ಬಂದರೆ ಸಾಕು. ಆದ್ದರಿಂದ ಕಾಡಿನ ಬಾಯಲ್ಲಿ ಬೂಟು ಉಜ್ಜುವ ಕಟ್ಟೆ ಇಟ್ಟಿದ್ದಾರೆ. ಕುಂಚದಿಂದ ಮಣ್ಣು ಕೆರೆದು, ಔಷಧಿಯ ನೀರಿನ ಮೇಲೆ ನಿಂತು, ಹಲಗೆಯ ಹಾದಿಯಲ್ಲಷ್ಟೇ ನಡೆಯಬೇಕು. ಇದನ್ನು ನಮಗೆ ಹೇಳಿಕೊಟ್ಟವರು ಆ ಕಾಡಿನದೇ ಕುಲವಾದ ತೆ ರೋರೋವಾದವರು. ಯಾವ ಹಾದಿ ಮುಚ್ಚಬೇಕು, ಯಾವಾಗ ಮುಚ್ಚಬೇಕು ಎಂಬಲ್ಲಿ ಅವರ ಮಾತು ನಡೆಯುತ್ತದೆ. ಬೂಟು ಉಜ್ಜುತ್ತಿದ್ದ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಅರಣ್ಯಾಧಿಕಾರಿಯೂ ಬಗ್ಗಿ ನಿಂತಿದ್ದರು.

"ನಿನ್ನ ಸಂಪಿಗೆ ಮರವನ್ನು ಯಾರು ನೋಡಿಕೊಳ್ಳುತ್ತಾರೆ?" ಎಂದು ಅಲ್ಲಿಯ ಹೆಂಗಸೊಬ್ಬರು ಕೇಳಿದರು. ನಾವು, ಎಂದೆ. "ನೀವು ಹೇಳಿದ್ದನ್ನು ಉಳಿದವರು ಕೇಳುತ್ತಾರೆಯೇ?" ಎಂದರು. ಉತ್ತರ ಕೊಡಲು ತಡವಾಯಿತು, ಅವರು ಮತ್ತೆ ಕೇಳಲಿಲ್ಲ.

ಆ ಪ್ರಶ್ನೆಗೆ ಕಾಗದದ ಮೇಲೆ ನನ್ನ ಬಳಿ ಉತ್ತರವಿದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ನಮ್ಮ ಬೆಟ್ಟದ ಪೋಡುಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಹಾಗೆ ಹಕ್ಕು ಪಡೆದವರಲ್ಲಿ ದೇಶಕ್ಕೇ ಮೊದಲಿಗರು ನಾವು. ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕು ಮಾತ್ರವಲ್ಲ, ನಮ್ಮ ಸಾಂಪ್ರದಾಯಿಕ ಜ್ಞಾನದ ಮೇಲಿನ ಹಕ್ಕೂ ಆ ಕಾಯ್ದೆಯಲ್ಲಿದೆ. ಜ್ಞಾನ ಎಂಬ ಪದವನ್ನು ಸಂಸತ್ತೇ ಬಳಸಿದೆ. ಆದರೂ ನಮ್ಮ ಜ್ಞಾನಕ್ಕೆ ಇಲ್ಲಿ ಸಿಗುವ ಜಾಗ ಸಾಂಸ್ಕೃತಿಕ ಕಾರ್ಯಕ್ರಮದ ಪಟ್ಟಿಯಲ್ಲಿ, ಊಟಕ್ಕೆ ಮೊದಲು.

ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ನೆಲ್ಲಿ ಮರಗಳ ಮೇಲೆ ಉಪ್ಪಿಲು ಎಂಬ ಬಂದಳಿಕೆ ಬೆಳೆಯುತ್ತದೆ. ಹಕ್ಕಿ ಅದರ ಹಣ್ಣು ತಿಂದು ಕೊಂಬೆಗೆ ಕೊಕ್ಕು ಒರೆಸಿದರೆ ಬೀಜ ಅಂಟಿಕೊಂಡು, ಅಲ್ಲೇ ಬೇರಿಳಿಸಿ, ಮರದ ರಸ ಹೀರುತ್ತದೆ. ವರ್ಷ ವರ್ಷಕ್ಕೆ ಕೊಂಬೆ ಒಣಗಿ ನೆಲ್ಲಿ ಸಾಯುತ್ತದೆ. ತಾತನ ಕಾಲದಲ್ಲಿ ಬೇಸಿಗೆ ಬಲಿಯುವ ಮೊದಲೇ ತರಗು ಬೆಂಕಿ ಹಾಕುತ್ತಿದ್ದರು. ಒಣ ಎಲೆ, ಹುಲ್ಲುಗಳನ್ನಷ್ಟೇ ನೆಕ್ಕಿಕೊಂಡು, ಮೊಣಕಾಲೆತ್ತರದಲ್ಲಿ ಓಡಿ ಆರಿಹೋಗುವ ಬೆಂಕಿ. ಅದರ ಬಿಸಿಗೂ ಹೊಗೆಗೂ ಉಪ್ಪಿಲು ಹತೋಟಿಯಲ್ಲಿತ್ತು, ಲಂಟಾನ ತಲೆ ಎತ್ತುತ್ತಿರಲಿಲ್ಲ ಎನ್ನುತ್ತಾರೆ ಹಿರಿಯರು. 1974ರಲ್ಲಿ ಅಭಯಾರಣ್ಯವಾದ ಮೇಲೆ ಬೆಂಕಿ ನಿಂತಿತು. ಈಗ ಆಳೆತ್ತರದ ಲಂಟಾನ. ಅದಕ್ಕೆ ಬೆಂಕಿ ಬಿದ್ದರೆ ಮರದ ನೆತ್ತಿಯವರೆಗೆ ಏರುತ್ತದೆ. ಇದನ್ನು ನನ್ನ ತರಗತಿಯಲ್ಲಿ ಹೇಳಿದಾಗ ಅತಿಥಿ ಉಪನ್ಯಾಸಕರೊಬ್ಬರು "ಆದಿವಾಸಿಗಳ ಅಜ್ಞಾನದಿಂದ ಕಾಡಿಗೆ ಬೆಂಕಿ ಬೀಳುತ್ತದೆ, ನೀವು ಓದಿದವರಾದರೂ ತಿಳಿಹೇಳಬೇಕು" ಎಂದರು. ಅದೇ ಮಾತನ್ನು ವಾಂಗಾನುಯಿ ನದಿಯ ದಂಡೆಯಲ್ಲಿ ಹೇಳಿದಾಗ ಒಬ್ಬ ಮಾವೋರಿ ವಿದ್ಯಾರ್ಥಿನಿ ನೇರವಾಗಿ ಎದುರಾಡಿದಳು. ತಮ್ಮ ಕಾಡಿಗೆ ಬೆಂಕಿಯ ಅಭ್ಯಾಸವಿಲ್ಲ, ತಮ್ಮ ಪೂರ್ವಿಕರು ಹಾಕಿದ ಬೆಂಕಿಯಿಂದಲೇ ಬಹಳಷ್ಟು ಕಾಡು ಹೋಯಿತು, ಮರಳಿ ಬರಲಿಲ್ಲ ಎಂದಳು. ಎರಡು ಗಂಟೆ ವಾದ ನಡೆಯಿತು. ಯಾರ ಮಾತನ್ನೂ ಯಾರೂ ಅಜ್ಞಾನ ಎನ್ನಲಿಲ್ಲ. ನನಗೆ ಬೇಕಾಗಿದ್ದದ್ದು ಒಪ್ಪಿಗೆಯಲ್ಲ, ಆ ವಾದ.

ಇನ್ನೊಂದು ಬೆಳಿಗ್ಗೆ ಹರಕೆಕೆ ಎಂಬ ನಾರಿನ ಗಿಡದ ಎಲೆ ಕೊಯ್ಯಲು ಕರೆದೊಯ್ದರು. ಬುಟ್ಟಿ ಹೆಣೆಯಲು ಅದು ಬೇಕು. ಕತ್ತಿಯ ಅಂಚನ್ನು ಹೇಗೆ ಓರೆಯಾಗಿಡಬೇಕೆಂದು ತೋರಿಸಿದ ಅಜ್ಜಿ, ನಡುವಿನ ಎಳೆಯ ಸುಳಿಯನ್ನು ಮುಟ್ಟಬಾರದು ಎಂದರು, ಅದು ಮಗು. ಅದರ ಎರಡು ಪಕ್ಕದ ಎಲೆಗಳು ತಾಯಿ ತಂದೆ, ಅವನ್ನೂ ಕೊಯ್ಯಬಾರದು. ಹೊರಗಿನವು ಅಜ್ಜ ಅಜ್ಜಿಯರು, ಅವನ್ನು ತೆಗೆದುಕೋ. ನಾನು ನಮ್ಮ ಗೆಡ್ಡೆಯ ಕಥೆ ಹೇಳಿದೆ. ಗೆಣಸು ಅಗೆದರೆ ಬಳ್ಳಿಯ ತಲೆಯನ್ನು ಮತ್ತೆ ಅದೇ ಗುಂಡಿಯಲ್ಲಿಟ್ಟು ಮಣ್ಣು ಮುಚ್ಚುತ್ತೇವೆ, ಹೆಜ್ಜೇನು ತೆಗೆಯುವಾಗ ಎಲ್ಲ ಹುಟ್ಟಿಗೂ ಕೈಹಾಕುವುದಿಲ್ಲ. ಅಜ್ಜಿ ತಲೆಯಾಡಿಸಿ "ಹೌದು ಮತ್ತೆ" ಎಂಬಂತೆ ನೋಡಿದರು. ಅವರಿಗೆ ಅದು ಆಶ್ಚರ್ಯದ ವಿಷಯವಾಗಿರಲಿಲ್ಲ. ನಮ್ಮ ಬಗ್ಗೆ ಯಾರೂ ಆಶ್ಚರ್ಯಪಡದೆ ಇರುವುದು ಎಷ್ಟು ಹಿತ ಎಂದು ನಿಮಗೆ ಹೇಗೆ ಹೇಳಲಿ!

ಅಲ್ಲಿ ಎಲ್ಲವೂ ಸರಿಯಾಗಿದೆ ಎಂದು ನಾನು ಹೇಳುತ್ತಿಲ್ಲ. ಜನಸಂಖ್ಯೆಯಲ್ಲಿ ಐದನೇ ಒಂದು ಭಾಗದಷ್ಟೂ ಇಲ್ಲದ ಮಾವೋರಿಗಳು ಆ ದೇಶದ ಜೈಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇದ್ದಾರೆ. ತೂಹೋಯ್ ಕುಲದವರ ನೆಲದ ಮೇಲೆ 1954ರಲ್ಲಿ ತೆ ಉರೆವೆರಾ ರಾಷ್ಟ್ರೀಯ ಉದ್ಯಾನ ಮಾಡಿದರು. ಅದು ಉದ್ಯಾನವಾಗಿರುವುದು ನಿಂತು, ತನಗೆ ತಾನೇ ಒಡೆಯನೆಂದು ಕಾನೂನು ಬಂದದ್ದು 2014ರಲ್ಲಿ. ವಾಂಗಾನುಯಿ ನದಿಯ ಜನ 1870ರ ದಶಕದಿಂದ ಅರ್ಜಿ ಹಾಕುತ್ತಾ ಬಂದು, 2017ರ ಮಾರ್ಚ್‌ನಲ್ಲಿ ನದಿಗೆ ವ್ಯಕ್ತಿಯ ಸ್ಥಾನ ಗಿಟ್ಟಿಸಿದರು. ಅದೇ ತಿಂಗಳು ನಮ್ಮ ಉತ್ತರಾಖಂಡ ಹೈಕೋರ್ಟ್ ಗಂಗೆ ಯಮುನೆಯರನ್ನೂ ವ್ಯಕ್ತಿಗಳೆಂದು ಸಾರಿತು, ಜುಲೈನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ನನಗೆ ಕಂಡ ವ್ಯತ್ಯಾಸ ಬೇರೆಯದು. ವಾಂಗಾನುಯಿಯ ಪರವಾಗಿ ಮಾತನಾಡಲು ಇಬ್ಬರು, ಒಬ್ಬರನ್ನು ನದಿಯ ಜನ ಆರಿಸುತ್ತಾರೆ, ಇನ್ನೊಬ್ಬರನ್ನು ಸರ್ಕಾರ. ಗಂಗೆಯ ಪೋಷಕರೆಂದು ಆ ತೀರ್ಪು ಹೆಸರಿಸಿದ್ದು ಸರ್ಕಾರದ ಪದಾಧಿಕಾರಿಗಳನ್ನೇ. ದಂಡೆಯಲ್ಲಿ ಬದುಕುವ ಒಬ್ಬ ಅಂಬಿಗನೂ ಅದರಲ್ಲಿ ಇರಲಿಲ್ಲ.

ಜೂನ್ ಕೊನೆಯ ಒಂದು ಮುಂಜಾವು ಕೊರೆಯುವ ಚಳಿಯಲ್ಲಿ ನಮ್ಮನ್ನು ಗುಡ್ಡದ ಮೇಲೆ ಕರೆದೊಯ್ದರು. ಮಟಾರಿಕಿ ಎಂಬ ನಕ್ಷತ್ರಗಳು ಹುಟ್ಟುವುದನ್ನು ನೋಡಲು. ಅವರಿಗೆ ಅದು ಹೊಸ ವರ್ಷ. 2022ರಿಂದ ದೇಶಕ್ಕೇ ರಜೆ. ಪೂರ್ವದಲ್ಲಿ ಸಣ್ಣ ಗೊಂಚಲು ಮೇಲೆದ್ದಾಗ ನೋಡಿದರೆ ಅದು ನಮ್ಮ ಕೃತ್ತಿಕೆ. ಬೇಯಿಸಿದ ಅಡುಗೆಯ ಮುಚ್ಚಳ ತೆರೆದು ಹಬೆಯನ್ನು ನಕ್ಷತ್ರಗಳಿಗೆ ಅರ್ಪಿಸಿ, ಆ ವರ್ಷ ತೀರಿಕೊಂಡವರ ಹೆಸರುಗಳನ್ನು ಒಬ್ಬೊಬ್ಬರಾಗಿ ಕೂಗಿದರು. ನನ್ನ ಅಜ್ಜಿ ಆ ಬೇಸಿಗೆಯಲ್ಲಿ ಹೋಗಿದ್ದರು. ನಾನೂ ಕೂಗಿದೆ. ಸೋಲಿಗರ ಹೆಂಗಸೊಬ್ಬಳ ಹೆಸರು ಆ ಗುಡ್ಡದಿಂದ ಸಮುದ್ರದ ಕಡೆಗೆ ಹೋಯಿತು.

ಈಗ ಮರಳಿ ಇಲ್ಲಿಗೆ. ಅವರನ್ನು ಕರೆಯಬೇಕೆಂದು ನಾನು ಒಂದು ಕಚೇರಿಗೆ ಹೋದೆ. ಅಲ್ಲಿದ್ದವರು ಒಳ್ಳೆಯವರೇ, ಟೀ ಕೊಡಿಸಿದರು. "ಪೋಡಿನಲ್ಲಿ ವಿದೇಶಿಯರು ತಂಗುವುದು ಕಷ್ಟವಮ್ಮ. ರೆಸಾರ್ಟ್‌ನಲ್ಲಿ ಇರಲಿ, ಬೆಳಿಗ್ಗೆ ಸಫಾರಿ ಮಾಡಲಿ. ಸಂಜೆ ನಿಮ್ಮವರ ಡ್ಯಾನ್ಸ್ ಇಟ್ಟುಬಿಡಿ, ಸೊಪ್ಪು ಕಟ್ಟಿಕೊಂಡು. ಚೆನ್ನಾಗಿರುತ್ತದೆ" ಎಂದರು. ಗೊರುಕನ ಎಂಬ ಹಾಡು-ಕುಣಿತ ನಮ್ಮ ಪ್ರಾಣ, ಅದರ ಬಗ್ಗೆ ನನಗೆ ನಾಚಿಕೆಯಿಲ್ಲ. ಆದರೆ ನಮ್ಮ ತಾತ ಅದನ್ನು ಕುಣಿಯುತ್ತಿದ್ದದ್ದು ಪಂಚೆ ಉಟ್ಟು, ರಾತ್ರಿಯಿಡೀ, ಹಬ್ಬದಲ್ಲಿ. ಸೊಪ್ಪಿನ ಲಂಗ ವೇದಿಕೆಗಳು ಹೊಲಿಸಿಕೊಟ್ಟದ್ದು. ನಾನು ಹೋಗುವಾಗಲೂ ಒಬ್ಬ ಹಿತೈಷಿ ಅಂಥದ್ದೊಂದನ್ನು ಪೆಟ್ಟಿಗೆಗೆ ಹಾಕಿಕೊಳ್ಳಲು ಹೇಳಿದ್ದರು. ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದರೆ ಆಕ್ಲೆಂಡಿನಲ್ಲಿ ಜೇನಿನ ಹಿಂದೆಯೇ ಅದೂ ಡಬ್ಬಿಗೆ ಹೋಗುತ್ತಿತ್ತು, ಒಣ ಎಲೆಯಲ್ಲವೇ.

ದುಡ್ಡು ಕಾಸಿನ ಬಗ್ಗೆಯೂ ಒಂದು ಮಾತು. ಪರಿಶಿಷ್ಟ ಪಂಗಡದವರಿಗಾಗಿ ಕೇಂದ್ರ ಕೊಡುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇಡೀ ದೇಶಕ್ಕೆ ವರ್ಷಕ್ಕೆ 20 ಮಂದಿಗೆ, ಅದೂ ಸ್ನಾತಕೋತ್ತರ, ಪಿಎಚ್‌ಡಿ ಮತ್ತು ಅದರಾಚೆಯ ಓದಿಗೆ. ಐದು ವಾರದ ಓದಿಗೆ ಅಲ್ಲಿ ಬಾಗಿಲಿಲ್ಲ. ನನ್ನ ಖರ್ಚನ್ನು ಆತಿಥೇಯರು ಹೊತ್ತರು. ಹತ್ತು ಮಂದಿ ಆದಿವಾಸಿ ವಿದ್ಯಾರ್ಥಿಗಳ ಇಂಥ ಸಣ್ಣ ಪ್ರವಾಸಕ್ಕೆ ರಾಜ್ಯವೇ ಏಕೆ ಹಣ ಇಡಬಾರದು? ಇಟ್ಟರೆ, ಯಾರು ಹೋಗಬೇಕೆಂದು ಗ್ರಾಮಸಭೆಗಳನ್ನು ಕೇಳಿ. ಓದಿದವರ ಜತೆ ಓದದ ಒಬ್ಬ ಹಿರಿಯರೂ ಹೋಗಲಿ. ನನ್ನ ಬದಲು ತಾತ ಹೋಗಿದ್ದರೆ ಆ ಬೆಂಕಿಯ ವಾದ ಎರಡು ಗಂಟೆಗೆ ಮುಗಿಯುತ್ತಿರಲಿಲ್ಲ.

ನಮ್ಮ ಕೋರಿಕೆಯ ವಿವರ ಇಷ್ಟೇ. ಮುಂದಿನ ಏಪ್ರಿಲ್‌ನಲ್ಲಿ, ಜೇನಿನ ಕಾಲದಲ್ಲಿ, ಎಂಟು ಮಂದಿ ಬರುತ್ತಾರೆ. ಮಲಗಲು ಮೂರು ಮನೆಗಳವರು ಜಾಗ ಬಿಟ್ಟುಕೊಡುತ್ತಾರೆ. ವಿದೇಶಿಯರು ತಂಗಿದ ಮಾಹಿತಿಯನ್ನು ಪೊಲೀಸರಿಗೆ ಕೊಡಬೇಕಾದ ನಮೂನೆ ತುಂಬಿಸಿಕೊಡುತ್ತೇವೆ. ಕಾಡಿಗೆ ಹೋಗುವಾಗ ತಾತ ಮುಂದೆ, ನಿಮ್ಮ ಗಾರ್ಡ್ ಜತೆಗೆ ಬರುವುದಾದರೆ ಬರಲಿ, ಅವರಿಗೂ ಊಟವಿದೆ. ಬೂಟು ಉಜ್ಜಲು ಒಂದು ಬಕೆಟ್ ಇಡುತ್ತೇವೆ. ಆನೆಯನ್ನೇ ಕಾಣದ ಆ ಮಕ್ಕಳಿಗೆ ಗಾಳಿ ನೋಡುವುದನ್ನು ಮೊದಲ ದಿನವೇ ಕಲಿಸಬೇಕು, ಆ ಕೆಲಸ ನನ್ನದು. ಸಫಾರಿ ಜೀಪು ದಿನವೂ ಹೋಗುವ ಕಾಡಿಗೆ ನಮ್ಮ ಮನೆಗೆ ಬಂದ ನೆಂಟರು ನಡೆದು ಹೋದರೆ ಹುಲಿಗೆ ಏನು ತೊಂದರೆ ಎಂಬುದನ್ನು ಲಿಖಿತವಾಗಿ ತಿಳಿಸಿದರೆ, ಅದಕ್ಕೂ ಲಿಖಿತವಾಗಿಯೇ ಉತ್ತರಿಸುತ್ತೇವೆ.

ತಾತನಿಗೆ ಬಾಟಲಿಯ ವಿಷಯ ಹೇಳಲು ನನಗೆ ಅಂಜಿಕೆಯಿತ್ತು. ಹೇಳಿದೆ. ಅವರು ಬೀಡಿ ಕೆಳಗಿಟ್ಟು, ನೊಣಕ್ಕೆ ರೋಗ ಬರುತ್ತದೆ ಅಂದರೆ ಬಿಡಬಾರದು, ಸರಿಯಾಗಿಯೇ ಮಾಡಿದ್ದಾರೆ ಎಂದರು. ಸ್ವಲ್ಪ ಹೊತ್ತಿನ ಮೇಲೆ, ಹಾಗಾದರೆ ಅವರು ಇಲ್ಲಿಂದ ಹೋಗುವಾಗಲೂ ಕೊಟ್ಟು ಕಳಿಸುವಂತಿಲ್ಲ ಅಲ್ಲವಾ ಎಂದು ಕೇಳಿದರು. ಇಲ್ಲ ತಾತ, ಇಲ್ಲೇ ಕೂತು ತಿನ್ನಬೇಕು ಎಂದೆ. ಮಾರನೆಯ ದಿನ ಅಟ್ಟದ ಮೇಲಿನಿಂದ ದೊಡ್ಡ ಭರಣಿಯನ್ನು ಇಳಿಸಿ ತೊಳೆದು ಬಿಸಿಲಿಗೆ ಇಟ್ಟಿದ್ದಾರೆ.

ನಿಮ್ಮ ಉತ್ತರದ ನಿರೀಕ್ಷೆಯಲ್ಲಿ,

ಬಿಳಿಗಿರಿರಂಗನ ಬೆಟ್ಟದ ಒಬ್ಬ ವಿದ್ಯಾರ್ಥಿನಿ